ನಲವತ್ತು ನಿಮಿಷ ತಡವಾದ ಸುದ್ದಿ

ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ಎಂಟು ವರ್ಷ ಕಳೆದಿದ್ದ ಒಂದು ಮಳೆಗಾಲ. ನಾನಾಗ ಸುರಪುರ ತಾಲ್ಲೂಕಿನ ಒಂದು ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದೆ. ನಮ್ಮ ಕಡೆಯ ಜನ ಈ ಹುದ್ದೆಯವನನ್ನು ಇವತ್ತಿಗೂ ‘ಜಮಾದಾರ’ ಎಂದೇ ಕರೆಯುತ್ತಾರೆ. ನೌಕರಿಗೆ ಸೇರಿ ಇಪ್ಪತ್ತೈದು ವರ್ಷವಾಗಿತ್ತು. ಶಹಾಪುರ, ಯಾದಗಿರಿ, ಗುರುಮಠಕಲ್ ಎಲ್ಲ ಕಡೆ ದುಡಿದು, ಮೀಸೆ ನರೆತ ಮೇಲೆ ಸುರಪುರದ ಕಡೆ ಬಂದಿದ್ದೆ.

ಪೊಲೀಸರೆಂದರೆ ಕಳ್ಳರನ್ನು ಹಿಡಿಯುವವರು, ಬಂದೋಬಸ್ತಿಗೆ ನಿಲ್ಲುವವರು ಎಂದು ಜನ ತಿಳಿದಿದ್ದಾರೆ. ನಮ್ಮ ಕೆಲಸದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಭಾಗವಿದೆ. ಅಪಘಾತದಲ್ಲಿ, ನೀರಿನಲ್ಲಿ, ಪರಊರಿನಲ್ಲಿ ಸತ್ತವರ ಸುದ್ದಿಯನ್ನು ಅವರ ಮನೆಗೆ ಮುಟ್ಟಿಸುವುದು. ತರಬೇತಿಯಲ್ಲಿ ಲಾಠಿ ಹಿಡಿಯುವುದನ್ನು ಕಲಿಸಿದರು, ಪಂಚನಾಮೆ ಬರೆಯುವುದನ್ನು ಕಲಿಸಿದರು. ಒಂದು ಮನೆಯ ಬಾಗಿಲಲ್ಲಿ ನಿಂತು ಮೊದಲ ಮಾತು ಏನು ಆಡಬೇಕೆಂಬುದನ್ನು ಯಾರೂ ಕಲಿಸಲಿಲ್ಲ. ಅದನ್ನು ನಾನು ಕಲಿತದ್ದು ರುದ್ರಗೌಡರೆಂಬ ಹಿರಿಯ ಜಮಾದಾರರಿಂದ.

ಅವರು ಹೇಳಿಕೊಟ್ಟದ್ದು ಎರಡೇ ಮಾತು. “ಹಸದ ಹೊಟ್ಟಿಗೆ ಕೆಟ್ಟ ಸುದ್ದಿ ಹೇಳಬ್ಯಾಡ. ಹೇಳಿದ ಮ್ಯಾಲ ಅವರು ಮೂರು ದಿನ ಉಣ್ಣಂಗಿಲ್ಲ. ಸತ್ತಾನ ಅಂತ ಬಾಗಲದಾಗ ಅನ್ನಬ್ಯಾಡ, ಪೆಟ್ಟಾಗೇತಿ ಅನ್ನು. ಉಳದದ್ದು ದಾರ್ಯಾಗ ಅವರಿಗೇ ತಿಳೀತದ.”

ಗೌಡರು ಒಳ್ಳೆಯ ಮನುಷ್ಯ. ಅವರ ಮಾತಿನಲ್ಲಿ ಅಂತಃಕರಣವಿತ್ತು. ಅದನ್ನು ನಾನು ಹತ್ತಾರು ಮನೆಗಳಲ್ಲಿ ಪಾಲಿಸಿದ್ದೆ. ‘ಜಮಾದಾರರು ಭಾಳ ಸಮಾಧಾನದಿಂದ ಹೇಳಿದ್ರು’ ಎಂದು ಜನ ಆಮೇಲೆ ಅಂದದ್ದನ್ನೂ ಕೇಳಿದ್ದೆ. ನನ್ನಲ್ಲಿ ದಯೆಯಿದೆ ಎಂಬ ನಂಬಿಕೆ ನನಗೆ ಹಾಗೆ ಬಂದದ್ದು.

ಆಗಸ್ಟ್ ತಿಂಗಳ ಆ ದಿನ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಯಾದಗಿರಿಯ ಆಸ್ಪತ್ರೆಯ ಔಟ್‌ಪೋಸ್ಟಿನಿಂದ ಠಾಣೆಗೆ ಫೋನ್ ಬಂತು. ಔಟ್‌ಪೋಸ್ಟ್ ಎಂದರೆ ದೊಡ್ಡ ಆಸ್ಪತ್ರೆಯೊಳಗೆ ಪೊಲೀಸರಿಗಾಗಿ ಇಟ್ಟಿರುವ ಒಂದು ಚಿಕ್ಕ ಕೋಣೆ. ಅಪಘಾತ, ವಿಷ, ಹೊಡೆದಾಟದ ಕೇಸುಗಳು ದಾಖಲಾದರೆ ಅಲ್ಲಿಯ ಕಾನ್‌ಸ್ಟೆಬಲ್ ಆಯಾ ಠಾಣೆಗೆ ತಿಳಿಸುತ್ತಾನೆ. ಠಾಣೆಯ ದಾಖಲೆ ಬರೆಯುವ ನಮ್ಮ ರೈಟರ್ ಆ ಸಂದೇಶವನ್ನು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟ. “ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಟ್ರ್ಯಾಕ್ಟರ್ ಪಲ್ಟಿ. ಚಾಲಕ ಹಣಮಂತ, ವಯಸ್ಸು ಮೂವತ್ತು. ಸ್ಥಿತಿ ಗಂಭೀರ. ಸಂಬಂಧಿಕರನ್ನು ಕೂಡಲೇ ಕಳುಹಿಸಿ.” ಕೆಳಗೆ ಊರಿನ ಹೆಸರಿತ್ತು. ಹುಣಸಗಿ ದಾರಿಯಲ್ಲಿ ಠಾಣೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳಿ. ಹೆಸರು ಇಲ್ಲಿ ಬೇಡ.

ನಮ್ಮ ಇಲಾಖೆಯ ಮಾತಿನಲ್ಲಿ ‘ಗಂಭೀರ’ ಎಂಬ ಪದಕ್ಕೆ ಎರಡು ಅರ್ಥ. ಒಂದು, ಗಂಭೀರ. ಇನ್ನೊಂದು, ಸತ್ತಿದ್ದಾನೆ. ಮನೆಯವರ ಕಿವಿಗೆ ಒಮ್ಮೆಲೇ ಬೀಳಬಾರದೆಂದು ಸತ್ತವರನ್ನೂ ಗಂಭೀರ ಎಂದೇ ಬರೆಯುವ ರೂಢಿ ಬಿದ್ದಿತ್ತು. ಕಾಲುವೆ ದಂಡೆಯ ಮೇಲೆ ಟ್ರ್ಯಾಕ್ಟರ್ ಮಗುಚಿದರೆ ಕೆಳಗೆ ಸಿಕ್ಕವನು ಬದುಕುವುದು ಕಡಿಮೆ. ಚೀಟಿ ಓದಿದ ಕೂಡಲೇ ನನ್ನ ಮನಸ್ಸು ಎರಡನೇ ಅರ್ಥವನ್ನೇ ಹಿಡಿಯಿತು. ಔಟ್‌ಪೋಸ್ಟಿನ ನಂಬರು ನನ್ನ ಫೋನಿನಲ್ಲೇ ಇತ್ತು. ‘ಇದ್ದಾನೇನಪಾ?’ ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು. ಕೇಳಲಿಲ್ಲ. ಚೀಟಿಯನ್ನು ಕಿಸೆಗೆ ಹಾಕಿಕೊಂಡು ಮೋಟರ್‌ಸೈಕಲ್ ಹತ್ತಿದೆ.

ಊರು ಮುಟ್ಟಿದಾಗ ಹನ್ನೆರಡೂ ನಲವತ್ತು. ಗದ್ದೆಗಳಲ್ಲಿ ಭತ್ತದ ನಾಟಿ ಜೋರಾಗಿ ನಡೆದಿತ್ತು. ಹಣಮಂತನ ಮನೆ ಊರಿನ ಕೊನೆಯಲ್ಲಿ, ಮೂರು ಅಂಕಣದ ತಗಡಿನ ಮನೆ. ಆತನ ಹೆಂಡತಿ ನಿಂಗಮ್ಮ ಆಗಷ್ಟೇ ನಾಟಿಯಿಂದ ಬಂದಿದ್ದಳು. ಮೊಳಕಾಲವರೆಗೆ ಕೆಸರು ಇನ್ನೂ ಹಸಿಯಾಗಿತ್ತು. ಐದು ತಿಂಗಳ ಹೆಣ್ಣುಕೂಸನ್ನು ಹೆಗಲಿಗೆ ಹಾಕಿಕೊಂಡು ಒಲೆ ಊದುತ್ತಿದ್ದಳು. ಖಾಕಿ ಕಂಡು ಎದ್ದು ನಿಂತಳು.

“ಹಣಮಂತನ ಮನಿ ಇದೇ ಏನವಾ?” ಎಂದೆ.

“ಹೌದ್ರಿ. ಟ್ರ್ಯಾಕ್ಟರ್ ಕಾಗದದ ಸಲುವಾಗಿ ಬಂದೀರೇನ್ರಿ? ಅವ ಮುಂಜಾನೆ ಹುಣಸಗಿಗೆ ಹೋಗ್ಯಾನ. ಕೂಸಿಗೆ ಜ್ವರ ಬಂದಾವ, ಎಣ್ಣಿ ತರ್ತೀನಂತ ಹೋಗ್ಯಾನ. ಇನ್ನೇನು ಬರೂ ಹೊತ್ತು.”

ನಮ್ಮ ಕಡೆ ಬಾಟಲಿಯ ಔಷಧಕ್ಕೆ ಎಣ್ಣೆ ಎನ್ನುತ್ತಾರೆ. ಕೂಸಿನ ಕಣ್ಣು ಕೆಂಪಾಗಿದ್ದವು. ಮನೆಯಲ್ಲಿ ಮತ್ತೆ ಯಾರಿದ್ದಾರೆ ಎಂದು ಕೇಳಿದೆ. ಅತ್ತೆ ಅಮಾವಾಸ್ಯೆಗೆಂದು ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದಾಳೆ ಎಂದಳು. ಇದ್ದ ಒಂದೇ ಫೋನು ಗಂಡನ ಬಳಿ.

“ಒಂದು ಸುದ್ದಿ ಹೇಳೂದಿತ್ತು,” ಎಂದೆ.

“ಸುದ್ದಿ ಆಮ್ಯಾಲ ಹೇಳೀರಂತ. ಉಣ್ಣೂ ಹೊತ್ತಿಗೆ ಬಂದೀರಿ. ಬಾಗಲಿಗೆ ಬಂದವ್ರು ಹಂಗ ಹೋಗಬಾರ್ದು. ಕೈ ತೊಳ್ಕೊರ್ರಿ, ರೊಟ್ಟಿ ಬಡೀತೀನಿ.”

“ನೀ ಉಂಡೀ ಏನು?”

“ಎಲ್ಲಿ ಉಣಬೇಕ್ರಿ, ಮುಂಜಾನಿಂದ ಒಂದು ಕಪ್ ಚಹಾದ ಮ್ಯಾಲ ಅದೀನಿ.”

ರುದ್ರಗೌಡರ ಮಾತು ನೆನಪಾಯಿತು. ಹಾಲುಣಿಸುವ ತಾಯಿ. ಈಗ ಹೇಳಿದರೆ ಇವಳ ಗಂಟಲಿನಲ್ಲಿ ನಾಳೆಯವರೆಗೆ ನೀರೂ ಇಳಿಯುವುದಿಲ್ಲ, ಕೂಸಿನ ಗತಿಯೇನು ಎಂದುಕೊಂಡೆ. “ಆತು. ಆದ್ರ ನೀನೂ ಉಣಬೇಕು. ನೀ ಉಂಡ ಮ್ಯಾಲೇ ಮಾತು,” ಎಂದೆ. ಅವಳು ನಕ್ಕಳು. ಪೊಲೀಸರು ಹೀಗೆ ಮಾತಾಡಿದ್ದನ್ನು ಅವಳು ಕಂಡಿರಲಿಲ್ಲವೆಂದು ಕಾಣುತ್ತದೆ.

ಕಟ್ಟಿಗೆ ಹಸಿಯಾಗಿದ್ದು ಒಲೆ ಬೇಗ ಹತ್ತಲಿಲ್ಲ. ಪಕ್ಕದ ಮನೆಯ ಹುಸೇನಬಿ ಎಂಬ ಹೆಂಗಸು ಒಣ ಪುಳ್ಳೆ ತಂದುಕೊಟ್ಟು, ನಾನು ಯಾರೆಂದು ನೋಡಿಕೊಂಡು ಹೋದಳು. ನಿಂಗಮ್ಮ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿದಳು. ನಾನು ಒಂದೊಂದೇ ತುತ್ತನ್ನು ಸಾವಕಾಶವಾಗಿ ನುಂಗಿದೆ. ಎರಡನೆಯ ರೊಟ್ಟಿ ಬೇಡವೆನ್ನಲಿಲ್ಲ. ಆಮೇಲೆ ಅವಳೂ ತಟ್ಟೆ ಹಾಕಿಕೊಂಡು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಂಡಳು. ಹಣಮಂತ ಬರುವ ದಸರೆಗೆ ಮನೆಯ ಗೋಡೆಗೆ ಗಿಲಾವು ಮಾಡಿಸುತ್ತೇನೆಂದು ಹೇಳಿದ್ದನ್ನು ಹೇಳಿದಳು. ನಾನು ತಲೆಯೆತ್ತದೆ ‘ಹೂಂ’ ಎನ್ನುತ್ತಿದ್ದೆ. ಅವಳು ಕೈ ತೊಳೆದಾಗ ಗಡಿಯಾರ ನೋಡಿದೆ. ಒಂದೂ ಇಪ್ಪತ್ತು.

ಆಗ ಹೇಳಿದೆ. “ಹಣಮಂತಗ ಸ್ವಲ್ಪ ಪೆಟ್ಟಾಗೇತಿ. ಟ್ರ್ಯಾಕ್ಟರ್ ಪಲ್ಟಿ ಆಗೇತಿ. ಯಾದಗಿರಿ ದವಾಖಾನ್ಯಾಗ ಇಟ್ಟಾರ. ನಡಿ, ಹೋಗೂಣು.”

ಅವಳು ಕೂಗಲಿಲ್ಲ. “ಸ್ವಲ್ಪ ಅಂದ್ರ ಎಷ್ಟ್ರಿ?” ಎಂದಳು. ನಾನು ‘ಅಲ್ಲಿ ಹೋದ ಮ್ಯಾಲ ಗೊತ್ತಾಗ್ತದ’ ಎಂದೆ. ಹುಸೇನಬಿ ಓಡಿ ಬಂದಳು. ಕೂಸಿನ ಬಟ್ಟೆ, ಒಂದು ಚಾದರ, ನೀರಿನ ಬಾಟಲಿ ಎಲ್ಲವನ್ನೂ ಗಂಟು ಕಟ್ಟಿ, “ನಡೀ ಬೇಟಿ, ನಾ ಬರ್ತೀನಿ,” ಎಂದು ತಾನೂ ಹೊರಟಳು. ಊರಿನ ಒಂದು ಜೀಪು ಸಿಕ್ಕಿತು. ಮೋಟರ್‌ಸೈಕಲ್ಲನ್ನು ಅಲ್ಲೇ ಬಿಟ್ಟು ನಾನು ಮುಂದೆ ಕುಳಿತೆ. ಹೊರಟಾಗ ಒಂದೂ ನಲವತ್ತು.

ಸುರಪುರ ದಾಟಿದೆವು. ಶಹಾಪುರ ಮುಟ್ಟಿದಾಗ ಎರಡೂ ಮುಕ್ಕಾಲು. ಊರು ದಾಟಿ ಯಾದಗಿರಿ ರಸ್ತೆಗೆ ಹೊರಳಿದ ಮೇಲೆ ನನ್ನ ಫೋನ್ ಗುಣುಗುಟ್ಟಿತು. ಔಟ್‌ಪೋಸ್ಟಿನ ಕಾನ್‌ಸ್ಟೆಬಲ್.

“ಎಲ್ಲಿದ್ದೀರ್ರಿ ಜಮಾದಾರ್ರ? ಮನೀಯವ್ರು ಬಂದ್ರೇನು? ಆ ಮನಷ್ಯಾ ಹೆಂಡ್ತಿನ್ನ ಕೇಳಾಕತ್ತಾನ. ಡಾಕ್ಟರ್ ಭಾಳ ಹೊತ್ತಿಲ್ಲ ಅಂದಾರ.”

ನನ್ನ ಕಿವಿಯೇ ನನಗೆ ಸುಳ್ಳು ಹೇಳುತ್ತಿದೆ ಎನಿಸಿತು. “ಇದ್ದಾನೇನು?” ಎಂದೆ, ಹಿಂದಿನವರಿಗೆ ಕೇಳದಷ್ಟು ಮೆಲ್ಲಗೆ.

“ಇದ್ದಾನಲ್ರಿ! ಮಾತಾಡ್ಲಿಕ್ಕತ್ತಾನ. ಲಗೂ ಬರ್ರಿ.”

ಹಿಂದಿನಿಂದ ನಿಂಗಮ್ಮ ಕೇಳಿದಳು. “ಯಾರ ಫೋನ್ರಿ?”

“ಠಾಣೇದು,” ಎಂದೆ. ಡ್ರೈವರ್‌ನಿಗೆ ಜೋರು ಬಿಡು ಎಂದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಹೊತ್ತಿಗೆ ಹಣಮಂತ ಬದುಕಿದ್ದ, ಮಾತಾಡುತ್ತಿದ್ದ. ಅವನಿರುವ ವಾರ್ಡು ಔಟ್‌ಪೋಸ್ಟಿನಿಂದ ಐವತ್ತು ಹೆಜ್ಜೆ. ಕಾನ್‌ಸ್ಟೆಬಲ್ ಫೋನು ಹಿಡಿದು ಒಳಗೆ ಹೋಗಿದ್ದರೆ, ನಾನು ನನ್ನ ಫೋನನ್ನು ಹಿಂದಕ್ಕೆ ಚಾಚಿ ಅವಳ ಕಿವಿಗೆ ಇಟ್ಟಿದ್ದರೆ, ಗಂಡ ಹೆಂಡತಿ ನಾಲ್ಕು ಮಾತಾಡುತ್ತಿದ್ದರು. ಅದು ನನಗೆ ಹೊಳೆಯಲಿಲ್ಲ. ‘ಪೆಟ್ಟಾಗೇತಿ’ ಎಂದು ಒಮ್ಮೆ ಮುಚ್ಚಿಟ್ಟವನಿಗೆ ಮುಚ್ಚಿಡುವುದೇ ಕೆಲಸವಾಗಿಬಿಟ್ಟಿತ್ತು. ಇದು ಹೊಳೆದದ್ದು ಮರುದಿನ ಸಂಜೆ, ಠಾಣೆಯ ಡೈರಿ ಬರೆಯುವಾಗ. ಪೆನ್ನು ಕೆಳಗಿಟ್ಟು ಹೊರಗೆ ಬಂದು ನಿಂತೆ. ಬಹಳ ಹೊತ್ತು ಒಳಗೆ ಹೋಗಲು ಆಗಲಿಲ್ಲ.

ಭೀಮಾ ಸೇತುವೆ ದಾಟುವಾಗ ಮಳೆ ಹಿಡಿಯಿತು. ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಮೂರೂ ಮೂವತ್ತೈದು. ವಾರ್ಡಿನ ಬಾಗಿಲಲ್ಲಿ ಒಬ್ಬ ನರ್ಸ್ ನಮ್ಮನ್ನೇ ಕಾಯುತ್ತ ನಿಂತಿದ್ದಳು. ಹೆಸರು ಲಲಿತಾ, ಗುರುಮಠಕಲ್ ಕಡೆಯ ಹುಡುಗಿ, ಮಾತಿನಲ್ಲಿ ತೆಲುಗಿನ ಎಳೆತವಿತ್ತು. ವಯಸ್ಸು ನನ್ನ ಮಗಳಷ್ಟು. “ಹಣಮಂತ ಅವರ ಮನಿಯವ್ರಾ?” ಎಂದು ಕೇಳಿ, ನಿಂಗಮ್ಮನ ಕೈ ಹಿಡಿದು ಗೋಡೆಯ ಬದಿಗೆ ಕರೆದೊಯ್ದು ಕೂರಿಸಿದಳು. ತಾನು ಬಿಳಿ ಸಮವಸ್ತ್ರದಲ್ಲಿಯೇ ಆ ಒದ್ದೆ ನೆಲದ ಮೇಲೆ ಎದುರಿಗೆ ಕುಳಿತಳು.

“ಅಕ್ಕಾ, ನಿಮ್ಮ ಯಜಮಾನ್ರು ತೀರಿಕೊಂಡ್ರು. ಮೂರೂ ಕಾಲಿಗೆ. ಇಪ್ಪತ್ತು ನಿಮಿಷ ಆಯ್ತು. ನಾ ಅವರ ಹತ್ರನೇ ಇದ್ದೆ, ಕೈ ಹಿಡಕೊಂಡಿದ್ದೆ.”

ಅಷ್ಟು ನೇರವಾಗಿ ಆ ಮಾತನ್ನು ಹೇಳಿದ್ದನ್ನು ನನ್ನ ನೌಕರಿಯಲ್ಲಿ ನಾನು ಕಂಡಿರಲಿಲ್ಲ. ನಿಂಗಮ್ಮ ಅವಳ ಮುಖವನ್ನೇ ನೋಡಿದಳು. ಅತ್ತದ್ದು ಆಮೇಲೆ. ಮೊದಲು ಕೇಳಿದ್ದು ಪ್ರಶ್ನೆಗಳು. ನೋವಿತ್ತೇ? “ಮೊದಲು ಭಾಳ ಇತ್ತಕ್ಕಾ. ಇಂಜೆಕ್ಷನ್ ಕೊಟ್ಟ ಮ್ಯಾಲ ಕಮ್ಮಿ ಆಯ್ತು.” ಎಚ್ಚರವಿತ್ತೇ? “ಇತ್ತು. ಕಡೀಗೆ ಹತ್ತು ನಿಮಿಷ ಇರಲಿಲ್ಲ.” ನನ್ನನ್ನು ಕೇಳಿದನೇ? “ಕೇಳಿದ್ರು. ನಿಂಗಿ ಬಂದಳಾ ಅಂತ ಮೂರು ಸರ್ತಿ ಕೇಳಿದ್ರು. ಬರ್ಲಿಕ್ಕತ್ತಾರ ಅಂದೆ. ಕೂಸಿಗೆ ಎಣ್ಣಿ ಅಂಗಿ ಕಿಸೇದಾಗ ಅದ, ಕೊಡ್ರಿ ಅಂದ್ರು.” ಅವಳು ತನ್ನ ಕೈಯಲ್ಲಿ ಆವರೆಗೂ ಹಿಡಿದಿದ್ದ ಜ್ವರದ ಔಷಧದ ಚಿಕ್ಕ ಬಾಟಲಿಯನ್ನು ಕೊಟ್ಟಳು. ಅದರ ಮೇಲಿದ್ದ ಕೆಸರನ್ನು ಒರೆಸಿ ಇಟ್ಟಿದ್ದಳು. ಕೂಸಿನ ಹಣೆ ಮುಟ್ಟಿ ನೋಡಿ, ಅಲ್ಲಿಯೇ ಅಳತೆ ಮಾಡಿ ತಾನೇ ಕುಡಿಸಿದಳು. ಒಳಗೆ ಬೇರೆ ರೋಗಿಗಳು ಕರೆಯುತ್ತಿದ್ದರು. ಹೋಗಿ, ಮತ್ತೆ ಬಂದು ಕುಳಿತಳು. ಹೀಗೆ ಮೂರು ಸಲ.

ಆಮೇಲೆ ನಾನು ಅವಳನ್ನು ಕೇಳಿದೆ, ನೆಲದ ಮೇಲೆ ಯಾಕೆ ಕುಳಿತೆ ತಾಯಿ ಎಂದು. “ನಿಂತು ಹೇಳಿದ್ರ ಮಾತು ಮ್ಯಾಲಿಂದ ಬಿದ್ದಂಗ ಆಗ್ತದ್ರಿ,” ಎಂದಳು.

ಶವ ಪಂಚನಾಮೆಗೆ, ಅಂದರೆ ಸಾವು ಹೇಗಾಯಿತೆಂದು ಪಂಚರ ಎದುರು ಬರೆದುಕೊಳ್ಳುವ ದಾಖಲೆಗೆ, ಮರುದಿನದವರೆಗೆ ಕಾಯಬೇಕಿತ್ತು. ಸಂಜೆ ನಿಂಗಮ್ಮ ವರಾಂಡದ ಕಂಬಕ್ಕೆ ಒರಗಿ ಕುಳಿತಿದ್ದಳು. ಹುಸೇನಬಿಯ ಮಡಿಲಲ್ಲಿ ಕೂಸು ಮಲಗಿತ್ತು. ನಾನು ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಹೋದೆ. ಅವಳು ಒತ್ತಿದಳು. ಆಮೇಲೆ ನನ್ನನ್ನು ನೋಡದೆ ಕೇಳಿದಳು.

“ಸಾಹೇಬ್ರ, ನಾ ನಿಮ್ಮನ್ನ ಉಣ್ಣಾಕ ಕುಂಡ್ರಸದಿದ್ರ ಅವ ಸಿಗ್ತಿದ್ದನೇನ್ರಿ?”

ಉತ್ತರ ನನಗೆ ಗೊತ್ತಿತ್ತು. ಹನ್ನೆರಡೂ ನಲವತ್ತಕ್ಕೆ ಬಾಗಿಲಲ್ಲಿ ಹೇಳಿದ್ದರೆ ಒಂದು ಗಂಟೆಗೆ ಹೊರಡುತ್ತಿದ್ದೆವು, ಮೂರಕ್ಕೆ ಮುಂಚೆ ಮುಟ್ಟುತ್ತಿದ್ದೆವು. ಇಪ್ಪತ್ತು ನಿಮಿಷ ಸಿಗುತ್ತಿತ್ತು. ಅದರಲ್ಲಿ ಹತ್ತು ನಿಮಿಷ ಅವನಿಗೆ ಎಚ್ಚರವಿರುತ್ತಿತ್ತು. ನಾನು ಹೇಳಬೇಕಾದದ್ದು ಇಷ್ಟೇ. ‘ನಿನ್ನದೇನೂ ತಪ್ಪಿಲ್ಲವ್ವ. ತಡ ಮಾಡಿದವ ನಾನು. ಸತ್ತಾನ ಅಂತ ತಿಳಕೊಂಡು, ಬೇಕಂತ ತಡ ಮಾಡಿದೆ.’

ನಾನು ಹೇಳಿದ್ದು, “ಅದೆಲ್ಲ ಹಣೇಬರಾ ಅದ ತಾಯಿ. ಯಾರ ಕೈಯಾಗೂ ಇಲ್ಲ.”

ಅವಳು ತಲೆಯಾಡಿಸಿದಳು. ಹುಸೇನಬಿ ನನ್ನ ಕಡೆ ಒಮ್ಮೆ ನೋಡಿ ಮುಖ ತಿರುವಿದಳು. ನಾನು ಕಾಗದ ಮಡಿಚಿಕೊಂಡು ಬಂದೆ.

ಕೇಸು ನೇರವಾಗಿತ್ತು. ಕಾಲುವೆ ದಂಡೆಯ ಮಣ್ಣು ಮಳೆಗೆ ಕುಸಿದು ಮುಂದಿನ ಗಾಲಿ ಜಾರಿತ್ತು. ಯಾರ ತಪ್ಪೂ ಇರಲಿಲ್ಲ. ಫೈಲು ಮೂರು ತಿಂಗಳಲ್ಲಿ ಮುಗಿಯಿತು. ನನಗೆ ಮುಗಿಯಲಿಲ್ಲ. ಸುರಪುರದಿಂದ ಯಾದಗಿರಿಗೆ ಕೋರ್ಟಿನ ಕೆಲಸಕ್ಕೆ ವಾರಕ್ಕೊಮ್ಮೆಯಾದರೂ ಹೋಗಬೇಕಿತ್ತು. ಬಸ್ಸು ಶಹಾಪುರ ದಾಟಿತೆಂದರೆ ಗಡಿಯಾರ ನೋಡುತ್ತಿದ್ದೆ. ಇಲ್ಲಿಂದ ಐವತ್ತು ನಿಮಿಷ, ಇಲ್ಲಿಂದ ಮೂವತ್ತು, ಇಲ್ಲಿಂದ ಹತ್ತು ಎಂದು ಮನಸ್ಸು ತಾನೇ ಎಣಿಸುತ್ತಿತ್ತು. ಹಿಂದಿನ ಸೀಟಿನಲ್ಲಿ ಯಾವ ಹೆಂಗಸಿನ ದನಿ ಬಂದರೂ ‘ಯಾರ ಫೋನ್ರಿ?’ ಎಂದಂತೆ ಕೇಳುತ್ತಿತ್ತು. ಮನೆಯಲ್ಲಿ ಹೆಂಡತಿ ಬಡಿಸುವಾಗ ‘ಇನ್ನೊಂದು ಹಾಕ್ಲೇನ್ರಿ’ ಎಂದರೆ ಕೈ ತಾನಾಗಿ ತಟ್ಟೆಯ ಮೇಲೆ ಅಡ್ಡ ಹೋಗುತ್ತಿತ್ತು. ಕಾರಣ ಕೇಳಿದಳು. ಅವಳಿಗೂ ಹೇಳಲಿಲ್ಲ.

ಬರಬರುತ್ತ ಒಂದು ವಿಷಯ ನಿಚ್ಚಳವಾಯಿತು. ಆ ನಲವತ್ತು ನಿಮಿಷ ನಿಂಗಮ್ಮನಿಗೆ ಬೇಕಾಗಿರಲಿಲ್ಲ, ನನಗೆ ಬೇಕಾಗಿತ್ತು. ಬಾಯಿ ಬಿಡಲು ನನಗೆ ಅಂಜಿಕೆ. ಆ ಅಂಜಿಕೆಗೆ ದಯೆಯ ಅಂಗಿ ತೊಡಿಸಿ ಕೂರಿಸಿದ್ದೆ.

ನಾನು ಕೆಲಸ ಮಾಡುವ ರೀತಿ ಬದಲಾಯಿತು. ಸಂದೇಶ ಬಂದರೆ ಮೊದಲು ಫೋನ್ ಮಾಡಿ ‘ಇದ್ದಾರೋ ಇಲ್ಲವೋ, ಸರಿಯಾಗಿ ಹೇಳು’ ಎಂದು ಕೇಳಿಯೇ ಹೊರಡುತ್ತಿದ್ದೆ. ಬದುಕಿದ್ದರೆ ದಾರಿಯಲ್ಲೇ ಮನೆಯವರ ಜೊತೆ ಫೋನಿನಲ್ಲಿ ಮಾತಾಡಿಸುತ್ತಿದ್ದೆ. ಸುರಪುರದ ಒಬ್ಬ ಶಾಲಾ ಶಿಕ್ಷಕಿಗೆ ಅವರ ತಮ್ಮನ ಸಾವಿನ ಸುದ್ದಿ ಮುಟ್ಟಿಸಬೇಕಾಯಿತು. ಪಕ್ಕದ ಮನೆಯಾಕೆಯನ್ನು ಜೊತೆಗೆ ಕರೆದುಕೊಂಡು ಹೋದೆ. ಟೋಪಿ ತೆಗೆದು, ಅವರೆದುರು ಚಾಪೆಯ ಮೇಲೆ ಕುಳಿತು, ಮೊದಲ ಮಾತಿನಲ್ಲೇ ಹೇಳಿದೆ. ಅವರು ನನ್ನ ತೋಳು ಹಿಡಿದುಕೊಂಡು ಅತ್ತರು. ನಾನು ಅವರನ್ನು ಬಿಟ್ಟು ಹೊರಡಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಹೋಗಿ ಒಲೆ ಆರಿಸಿದೆ. ಅವರ ಕನ್ನಡಕ ಹುಡುಕಿ ಕೊಟ್ಟೆ. ಯಾರಿಗೆ ಹೇಳಬೇಕೆಂದು ಕೇಳಿ, ಒಂದೊಂದೇ ನಂಬರಿಗೆ ನಾನೇ ಫೋನ್ ಹಚ್ಚಿ ಕೊಟ್ಟೆ. ಹೊರಡುವಾಗ ಮನೆಗೆ ಬೀಗ ಹಾಕಿ, ಕೀಲಿಯನ್ನು ಪಕ್ಕದಾಕೆಯ ಕೈಗಿಟ್ಟು, ‘ಕೀಲಿ ಇವರ ಹತ್ರ ಅದರಿ’ ಎಂದು ಎರಡು ಸಲ ಹೇಳಿದೆ, ಯಾಕೆಂದರೆ ಅಂಥ ಹೊತ್ತಿನಲ್ಲಿ ಮೊದಲ ಸಲ ಹೇಳಿದ್ದು ತಲೆಗೆ ಹೋಗುವುದಿಲ್ಲ. ಇವೆಲ್ಲ ಬಹಳ ಸಣ್ಣ ಕೆಲಸಗಳು. ಡೈರಿಯಲ್ಲಿ ಬರೆಯುವಂಥವಲ್ಲ. ನನ್ನ ಕೊನೆಯ ಆರು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಪೊಲೀಸ್ ಕೆಲಸವೆಂದರೆ ಇದೇ. ಕಿರಿಯ ಕಾನ್‌ಸ್ಟೆಬಲ್‌ಗಳಿಗೂ ಇದನ್ನೇ ಹೇಳಿಕೊಟ್ಟೆ. ಎಲ್ಲಿಂದ ಕಲಿತಿರಿ ಎಂದರೆ ಒಬ್ಬ ನರ್ಸಿನಿಂದ ಎನ್ನುತ್ತಿದ್ದೆ. ಉಳಿದದ್ದನ್ನು ನುಂಗಿಕೊಳ್ಳುತ್ತಿದ್ದೆ.

ನಿಂಗಮ್ಮನ ಊರಿನ ಕಡೆ ಮಾತ್ರ ಹೋಗಲಿಲ್ಲ. ಆ ದಾರಿಯ ಬಂದೋಬಸ್ತ್ ಬಂದರೆ ಬೇರೆಯವರನ್ನು ಕಳಿಸುತ್ತಿದ್ದೆ.

ನಿವೃತ್ತಿಗೆ ಒಂದು ತಿಂಗಳಿದ್ದಾಗ ಸುರಪುರದ ಬಸ್ ನಿಲ್ದಾಣದಲ್ಲಿ ಹುಸೇನಬಿ ಸಿಕ್ಕಳು. ನಾನು ಗುರುತಿಸಲಿಲ್ಲ, ಅವಳೇ ಗುರುತಿಸಿದಳು. ನಿಂಗಮ್ಮ ಹೇಗಿದ್ದಾಳೆ ಎಂದು ಕೇಳಿದೆ.

“ಹೆಂಗಿರ್ತಾಳ್ರಿ? ದುಡೀತಾಳ, ತಿಂತಾಳ. ಅತ್ತಿ ಬಿಡೂದಿಲ್ಲ. ಪೊಲೀಸಗ ಉಣಸ್ಕೋತ ಕುಂತು ನನ್ನ ಮಗನ ಕಡೀ ಮಾರಿ ನೋಡೂದು ತಪ್ಪಿಸಿದಿ ಅಂತ ಊರ ಮುಂದ ಅಂತಾಳ. ಆಕಿಯೂ ಹೌದು ಅಂತಾಳ. ಆರು ವರ್ಷ ಆತು, ಯಾರು ಬಾಗಲಿಗೆ ಬಂದ್ರೂ ಒಳಗ ಬರ್ರಿ ಅನ್ನಂಗಿಲ್ಲ ಆ ಹುಡುಗಿ.”

ಬಸ್ಸು ಬಂತು. ಹುಸೇನಬಿ ಹತ್ತಿ ಹೋದಳು. ನಾನು ಅಲ್ಲಿಯ ಕಲ್ಲುಬೆಂಚಿನ ಮೇಲೆ ಕುಳಿತೆ. ಇಷ್ಟು ದಿನ ನನ್ನ ತಪ್ಪು ನನ್ನ ಎದೆಯೊಳಗೆ ಮಾತ್ರ ಇದೆಯೆಂದುಕೊಂಡಿದ್ದೆ. ಅದು ಒಂದು ಮನೆಯಲ್ಲಿ ದಿನವೂ ಬೇರೆಯವಳ ತಲೆಯ ಮೇಲೆ ಕುಳಿತು ಬದುಕುತ್ತಿತ್ತು. ನಾನು ಹೇಳಿದ ‘ಹಣೇಬರಾ’ ಎಂಬ ಒಂದು ಪದ ಅದನ್ನು ಅಲ್ಲಿ ಇಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಹೋದೆ. ಸಮವಸ್ತ್ರ ಹಾಕಿರಲಿಲ್ಲ. ನಿಂಗಮ್ಮ ಅಂಗಳದಲ್ಲಿ ಮಗಳ ತಲೆ ಬಾಚುತ್ತಿದ್ದಳು. ಮಗಳು ಶಾಲೆಯ ಚೀಲ ಹಾಕಿಕೊಂಡಿದ್ದಳು. ನನ್ನನ್ನು ಕಂಡ ನಿಂಗಮ್ಮನ ಕೈ ನಿಂತಿತು. ಬರ್ರಿ ಎನ್ನಲಿಲ್ಲ. ಮಗಳನ್ನು ಶಾಲೆಗೆ ಕಳಿಸಿದಳು. ನಾನು ಅಂಗಳದ ನೆಲದ ಮೇಲೆ ಕುಳಿತೆ.

“ಅವತ್ತ ನೀ ಒಂದು ಮಾತು ಕೇಳಿದ್ದಿ. ನಾನು ಖರೇ ಹೇಳಲಿಲ್ಲ,” ಎಂದೆ. “ನೀ ಕುಂಡ್ರಸದಿದ್ರೂ ನಾ ಕುಂಡ್ರತಿದ್ದೆ. ನಿನ್ನ ಗಂಡ ಸತ್ತಾನ ಅಂತ ತಿಳಕೊಂಡೇ ಬಂದಿದ್ದೆ. ಒಂದು ಫೋನ್ ಮಾಡಿ ಕೇಳಲಿಲ್ಲ. ಕೂಡಲೇ ಕಳಸ್ರಿ ಅಂತ ಚೀಟ್ಯಾಗ ಬರದಿತ್ತು. ನೀ ಉಣ್ಣಲಿ ಅಂತ ನಾನ ಬೇಕಂತ ತಡ ಮಾಡಿದೆ. ಶಹಾಪುರದಾಗ ಬಂದದ್ದು ದವಾಖಾನಿ ಫೋನು. ಅವ ಆಗ ಮಾತಾಡ್ತಿದ್ದ. ನಿನಗ ಕೊಡಲಿಲ್ಲ. ತಪ್ಪು ಎಲ್ಲಾ ನಂದು. ನಿಂದು ಒಂದು ಕಾಳಿನಷ್ಟೂ ಇಲ್ಲ.”

ಬಾಚಣಿಗೆ ಅವಳ ಕೈಯಲ್ಲೇ ಇತ್ತು. ಅದಕ್ಕೆ ಸಿಕ್ಕಿದ್ದ ಕೂದಲನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಕೊನೆಯ ಎಳೆ ಬಿಡಿಸಿ ಎದ್ದಳು. ನನ್ನನ್ನು ಬೈಯಬಹುದು, ಹೋಗೆನ್ನಬಹುದು ಎಂದುಕೊಂಡೆ. ಅವಳು ಬಾಗಿಲ ಕಡೆ ತಿರುಗಿ ಕೂಗಿದಳು.

“ಅತ್ತೀ, ಹೊರಗ ಬಾ.”

ಮುದುಕಿ ಗೋಡೆ ಹಿಡಿದುಕೊಂಡು ಬಂದಳು. ನಿಂಗಮ್ಮ ಪಕ್ಕದ ಮನೆಗೂ ಕೂಗಿ ಹುಸೇನಬಿಯನ್ನು ಕರೆದಳು. ಆಮೇಲೆ ನನಗೆ ಹೇಳಿದಳು. “ಈಗ ನನಗ ಹೇಳಿದ್ರೆಲ್ಲ, ಅದನ್ನ ಇವರ ಮುಂದ ಇನ್ನೊಮ್ಮೆ ಹೇಳ್ರಿ. ಎಲ್ಲಾನೂ ಹೇಳ್ರಿ. ಫೋನಿಂದೂ ಹೇಳ್ರಿ.”

ಮೊದಲ ಸಲಕ್ಕಿಂತ ಎರಡನೆಯ ಸಲ ಹೇಳುವುದು ಕಷ್ಟವಾಯಿತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಮೂವರು ನಿಂತರು. ನಿಲ್ಲಲಿ ಎಂದುಕೊಂಡು ದನಿ ಎತ್ತಿಯೇ ಹೇಳಿದೆ. ಹೇಳಿ ಮುಗಿದಾಗ ನಿಂಗಮ್ಮ ಹೊಸ್ತಿಲ ಮೇಲೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಹುಸೇನಬಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಮುದುಕಿ ಕೈಯನ್ನು ಸೊಸೆಯ ತಲೆಯ ಕಡೆ ಚಾಚಿ, ಮುಟ್ಟಲೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಹಿಡಿದು, ಮುಟ್ಟಿದಳು. ಆಮೇಲೆ ನನ್ನನ್ನು ನೋಡಿದಳು.

“ಇದನ್ನ ಹೇಳಾಕ ಆರು ವರ್ಷ ಯಾಕ ಬೇಕಾತ್ರಿ ನಿಮಗ?”

ಕೈ ಮುಗಿದು ಎದ್ದೆ. ನಿಂಗಮ್ಮ ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ಕೇಳಲು ನಾನೂ ಹೋಗಿರಲಿಲ್ಲ.

ಈಗ ನಿವೃತ್ತನಾಗಿ ಶಹಾಪುರದಲ್ಲಿದ್ದೇನೆ. ಮೂವತ್ತೊಂದು ವರ್ಷದ ನೌಕರಿ ಏನು ಕಲಿಸಿತು ಎಂದು ಕೇಳುವವರಿಗೆ ಹೇಳುವುದಿಷ್ಟೇ. ಬೇರೆಯವರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎನಿಸಿದಾಗ ಒಂದು ಸಲ ನಿಂತು, ಇದು ಅವರಿಗೆ ಬೇಕಾದದ್ದೋ ನನಗೆ ಹಗುರಾದದ್ದೋ ಎಂದು ಕೇಳಿಕೊಳ್ಳಬೇಕು. ಒಲೆ ಆರಿಸುವುದು, ಕನ್ನಡಕ ಹುಡುಕುವುದು, ಫೋನು ಕಿವಿಗಿಡುವುದು, ‘ತಪ್ಪು ನಂದು’ ಎನ್ನುವುದು, ಇವಕ್ಕೆಲ್ಲ ಬೇಕಾಗುವುದು ಒಂದೆರಡು ನಿಮಿಷ. ಆ ನಿಮಿಷದಲ್ಲಿ ಮಾಡದಿದ್ದರೆ ಆಮೇಲೆ ಮಾಡಬಹುದು. ಆದರೆ ನಡುವೆ ಹೋದ ವರ್ಷಗಳನ್ನು ಬೇರೆ ಯಾರೋ ಬದುಕಿರುತ್ತಾರೆ, ಅವನ್ನು ಅವರಿಗೆ ತಿರುಗಿ ಕೊಡಲು ನಮ್ಮಿಂದ ಆಗುವುದಿಲ್ಲ.